ಒರೆಸಿದ್ದು ಹೊರಗಿನ ಗಾಜು

ಶಾಲೆಯ ತಪಾಸಣೆಗೆ ಸಾಹೇಬರು ಬರುವುದಕ್ಕೆ ಒಂದೇ ದಿನ ಇದೆ ಎನ್ನುವಾಗ ಶಾಲೆಯ ಕಂಪ್ಯೂಟರ್ ಕಣ್ಣು ಮುಚ್ಚಿತು. ಕಂಪ್ಯೂಟರಿಗೇನು, ಗಂಡನಿಲ್ಲ, ಅತ್ತೆಯಿಲ್ಲ, ಸುಸ್ತಾದಾಗ ಮಲಗಬಹುದು. ಮೂರನೇ ತರಗತಿಯ ಮಿಸ್‌ಗೆ ಆ ಭಾಗ್ಯವಿರಲಿಲ್ಲ.

"ನಿಮ್ಮ ಮನೆಯ ಟ್ಯಾಬ್ಲೆಟ್ ತನ್ನಿ," ಎಂದರು ದೊಡ್ಡ ಮೇಡಂ. "ಇಂಟರ್ನೆಟ್ಟಲ್ಲಿ ಹುಡುಕಿ ಹುಡುಕಿ ಮಕ್ಕಳು ಓದು ಕಲೀತಾರೆ ಅಂತ ವರ್ಷವೆಲ್ಲ ಹೇಳಿದ್ರಲ್ಲ, ನಾಳೆ ತೋರಿಸಿ. ಆ ಗುಬ್ಬಿ ಸಾಹೇಬ್ರ ಮುಂದೆ ಗಟ್ಟಿಯಾಗಿ ಓದಿದ್ರೆ ಸರಿ. ಇಲ್ಲದಿದ್ರೆ ಸೋಮವಾರದಿಂದ ಅವಳು ಎರಡನೇ ಕ್ಲಾಸು."

ಗುಬ್ಬಿ ಎಂದರೆ ಎಂಟು ವರ್ಷದ ಹುಡುಗಿ. ತುಟಿ ಅಲ್ಲಾಡುತ್ತಿತ್ತು, ದನಿ ಮಾತ್ರ ಹಲ್ಲು ದಾಟಿ ಆಚೆ ಬರುತ್ತಿರಲಿಲ್ಲ. ಪಠ್ಯಪುಸ್ತಕ ಕಂಡರೆ ಬೆಂಚಿನಡಿ ಜಾರುತ್ತಿದ್ದ ಅವಳು, ತನ್ನದೇ ಪ್ರಶ್ನೆಗೆ ಪರದೆಯಲ್ಲಿ ಉತ್ತರ ಹುಡುಕುವ ಪಾಠ ಶುರುವಾದ ಮೇಲೆ ಮೊದಲ ಸಾಲಿಗೆ ಬಂದಿದ್ದಳು. ಆ ಪಾಠಕ್ಕೆ ಮಿಸ್ ಎರಡು ನಿಯಮ ಮಾಡಿದ್ದಳು. ಪರದೆಯ ಮೇಲೆ ಬಂದದ್ದನ್ನು ಒಂದಕ್ಷರ ಬಿಡದೆ ಓದಬೇಕು. ಓದಿದ್ದನ್ನು ಹಾಗೇ ನಂಬದೆ ಇನ್ನೆರಡು ಕಡೆ ವಿಚಾರಿಸಬೇಕು. ಮಕ್ಕಳಿಗೆ ಇವು ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬಂದಿದ್ದವು.

ಸಂಜೆ ಮನೆಯಲ್ಲಿ ಮಿಸ್‌ಗೆ ಕೂತಲ್ಲಿ ಕೂರಲಾಗಲಿಲ್ಲ.

"ರೀ, ಇವತ್ತೊಂದಿನ ಪಾತ್ರೆ ನೀವು ತೊಳೀತೀರಾ? ನಾನು ಈ ಟ್ಯಾಬ್ಲೆಟ್ ಸಿದ್ಧ ಮಾಡ್ಬೇಕು."

"ತೊಳೀಬಹುದು ಕಣೇ," ಎಂದ ಗಂಡ ಸೋಫಾದಿಂದ. "ಆದ್ರೆ ನಿನ್ನ ಹಾಗೆ ಬರಲ್ಲ. ಅದೊಂದು ಕಲೆ."

(ಹನ್ನೊಂದು ವರ್ಷದ ಸಂಸಾರದಲ್ಲಿ ಅವನು ತೊಳೆದದ್ದು ಒಂದೇ ಬಾಣಲೆ. ಅದರ ಮೇಲೆ ಕಲೆ ಇನ್ನೂ ಇದೆ.)

"ನನ್ನ ಕನ್ನಡಕ ಎಲ್ಲಮ್ಮ?" ಎಂದರು ಅತ್ತೆ ಒಳಗಿಂದ.

"ನಿಮ್ಮ ತಲೆ ಮೇಲೇ ಇದೆ ಅತ್ತೆ!"

ಪಾತ್ರೆ ಮುಗಿಸಿ ಅವಳು ಟ್ಯಾಬ್ಲೆಟ್ ಹಿಡಿದಳು. ಅಡುಗೆಮನೆಯ ಶೆಲ್ಫಿನ ಮೇಲೆ ಬಾಳಿದ ಜೀವ ಅದು. ಎಣ್ಣೆಬೆರಳಿನ ಗುರುತು ಒರೆಸಿದಳು, ಅಂಚಿನ ಹಿಟ್ಟನ್ನು ಕಡ್ಡಿಗೆ ಹತ್ತಿ ಸುತ್ತಿ ತೆಗೆದಳು, ಕವರನ್ನು ಸೋಪಿನಲ್ಲಿ ತೊಳೆದು ಒಣಹಾಕಿದಳು. ಗಾಜು ಮುಖ ಕಾಣುವಷ್ಟು ಹೊಳೆಯಿತು. ಒಳಗೇನಿದೆ ಎಂದು ಮಾತ್ರ ನೋಡಲಿಲ್ಲ. ಒರೆಸುವುದು ಅಂದರೆ ಅವಳ ಕೈಗೆ ಗೊತ್ತಿದ್ದದ್ದು ಬಟ್ಟೆಯಲ್ಲೇ.

ಮರುದಿನ ಸಾಹೇಬರು ಮಕ್ಕಳ ಕುರ್ಚಿಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗಿಸಿ ಆಸೀನರಾದರು. ಟ್ಯಾಬ್ಲೆಟ್ಟಿನ ಪರದೆ ಪ್ರೊಜೆಕ್ಟರಿನಿಂದ ಗೋಡೆಯಗಲ ಬಿತ್ತು. ಗುಬ್ಬಿಯ ಪ್ರಶ್ನೆ ಇರುವೆಗಳು ಸಾಲಾಗಿ ಏಕೆ ಹೋಗುತ್ತವೆ ಎಂಬುದು. ಅವಳು ಬೆರಳಿಂದ ಹುಡುಕುವ ಜಾಗ ಮುಟ್ಟಿದಳು.

ಮುಟ್ಟಿದ್ದೇ ತಡ, ಟ್ಯಾಬ್ಲೆಟ್ ಈಚೆಗೆ ಮನೆಯಲ್ಲಿ ಮಿಸ್ ಹುಡುಕಿದ್ದನ್ನೆಲ್ಲ ಸಾಲಾಗಿ ಬಿಚ್ಚಿಟ್ಟಿತು. ಒಂದೊಂದು ಅಕ್ಷರವೂ ಕುಂಬಳಕಾಯಿ ಗಾತ್ರ.

"ಅದಲ್ಲಮ್ಮ, ಗುಬ್ಬಿ—" ಎಂದಳು ಮಿಸ್. ಆದರೆ ನಿಯಮ ನಿಯಮವೇ. ಗುಬ್ಬಿ ಬಾಯಿ ತೆರೆದಳು. ದನಿ ಹಲ್ಲು ದಾಟಿತು.

"ಸುಟ್ಟ ಬಾಣಲೆ ಉಜ್ಜುವುದು ಹೇಗೆ."

ಮಿಸ್ ಪ್ರೊಜೆಕ್ಟರಿನ ಪ್ಲಗ್ಗಿನತ್ತ ಓಡಿದಳು.

"ನಿದ್ದೆ ಮಾಡಿ ಎದ್ದರೂ ಸುಸ್ತು ಏಕೆ."

ಕೈ ಪ್ಲಗ್ಗಿನ ಮೇಲಿತ್ತು. ಎಳೆದರೆ ತನ್ನ ಮಾನ ಉಳಿಯುತ್ತದೆ, ಆದರೆ ಅರಳುತ್ತಿದ್ದ ಆ ದನಿ ನಿಲ್ಲುತ್ತದೆ. ಮತ್ತೆ ಬರುತ್ತದೋ ಇಲ್ಲವೋ ಬಲ್ಲವರಾರು? ಮಿಸ್ ಕಣ್ಣು ಮುಚ್ಚಿ ಕೈ ತೆಗೆದಳು.

"ಗಂಡನಿಗೆ ಪಾತ್ರೆ ತೊಳೆಯಲು ಬಾರದಿರುವುದು ಕಾಯಿಲೆಯೇ." ಗುಬ್ಬಿಯ ಸ್ವರ ಈಗ ಕಿಟಕಿ ದಾಟುತ್ತಿತ್ತು. "ಸಾಹೇಬರು ಬರುವ ದಿನ ಜ್ವರ ಬರಿಸಿಕೊಳ್ಳುವುದು ಹೇಗೆ."

ಸಾಹೇಬರು ತಮ್ಮ ಹಣೆ ಮುಟ್ಟಿ ನೋಡಿಕೊಂಡರು.

ಅಷ್ಟಕ್ಕೇ ಮುಗಿಯಲಿಲ್ಲ. ಎರಡನೇ ನಿಯಮ ಬಾಕಿಯಿತ್ತು. ಗುಬ್ಬಿ ನೋಟ್‌ಬುಕ್ ಹಿಡಿದು ಅವರ ಮುಂದೆ ನಿಂತಳು. "ಸಾರ್, ನಿಮಗೆ ಪಾತ್ರೆ ತೊಳೆಯೋಕೆ ಬರುತ್ತಾ?"

"ಅದು... ನಮ್ಮನೆಯವ್ರು ಬಿಡಲ್ಲಮ್ಮ."

"ಒಂದು ಕಡೆ ಆಯ್ತು." ಅವಳು ದೊಡ್ಡ ಮೇಡಂ ಕಡೆ ತಿರುಗಿದಳು.

"ನನ್ನನ್ನೇನು ಕೇಳ್ತೀಯ," ಎಂದರು ಮೇಡಂ ನಿಟ್ಟುಸಿರು ಬಿಟ್ಟು. "ನಮ್ಮನೇಲಿ ಮೂವತ್ತು ವರ್ಷದಿಂದ ಅದೇ ಕಾಯಿಲೆ."

"ಎರಡು ಕಡೆ ಆಯ್ತು. ಕಾಯಿಲೆ ಅಂತ ಖಾತ್ರಿ," ಎಂದು ಗುಬ್ಬಿ ದುಂಡಗೆ ಬರೆದುಕೊಂಡಳು.

ಸಾಹೇಬರು ತಲೆ ಎತ್ತದೆ ವರದಿಗೆ ಸಹಿ ಹಾಕಿದರು. ಗುಬ್ಬಿ ಮೂರನೇ ತರಗತಿಯಲ್ಲೇ ಉಳಿದಳು.

ಸಂಜೆ ಮಿಸ್ ನಡೆದದ್ದೆಲ್ಲ ಹೇಳುವಾಗ ಗಂಡನ ಮುಖ ಸಣ್ಣದಾಯಿತು. ಊರಿಗೆಲ್ಲ ತನ್ನ ಕಾಯಿಲೆ ಗೊತ್ತಾಗಿದೆ! "ಕೊಡಿಲ್ಲಿ ಆ ಟ್ಯಾಬ್ಲೆಟ್ಟು. ಇವತ್ತು ಪಾತ್ರೆ ನಂದು. ನೀನು ಆರಾಮಾಗಿ ಕೂತ್ಕೋ."

ಮಿಸ್ ಸೋಫಾದಲ್ಲಿ ಕಾಲು ಚಾಚಿದಳು. ಅಲ್ಲಿಂದ ಮನೆ ಎಷ್ಟು ಸುಂದರವಾಗಿ ಕಾಣುತ್ತದೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಹತ್ತು ನಿಮಿಷ ಕಳೆಯಿತು. ನೀರಿನ ಸದ್ದಿಲ್ಲ. ಅರ್ಧ ಗಂಟೆ ಕಳೆಯಿತು. ಪಾತ್ರೆಯ ಸದ್ದೂ ಇಲ್ಲ. ಎದ್ದು ಹೋಗಿ ನೋಡಿದರೆ, ತುಂಬಿದ ಸಿಂಕಿನ ಪಕ್ಕ ಗಂಡ ಸ್ಟೂಲಿನ ಮೇಲೆ ಕೂತು, ಟ್ಯಾಬ್ಲೆಟ್ಟಿನಲ್ಲಿ ಪಾತ್ರೆ ತೊಳೆಯುವ ವಿಡಿಯೋಗಳ ಘನ ಅಧ್ಯಯನದಲ್ಲಿ ಮುಳುಗಿದ್ದ.

"ಏನ್ರೀ ಮಾಡ್ತಿದ್ದೀರಿ?"

"ಒಬ್ಬಳು ಬಿಸಿನೀರು ಅಂತಾಳೆ, ಇನ್ನೊಬ್ಬ ತಣ್ಣೀರು ಅಂತಾನೆ. ಇನ್ನೆರಡು ಕಡೆ ವಿಚಾರಿಸದೆ ಹೇಗೆ ನಂಬೋದು ಕಣೇ? ನಿಯಮ ನಿಂದೇ ಅಲ್ವಾ?"

ಮಿಸ್ ಬಾಯಿ ತೆರೆದಳು. ಈ ಸಲ ದನಿ ಹಲ್ಲು ದಾಟದೆ ಹೋದದ್ದು ಅವಳದೇ. ಸುಮ್ಮನೆ ಸೆರಗು ಸಿಕ್ಕಿಸಿದಳು.

"ಹಾಂ, ಇದೇ ಸರಿ," ಎಂದ ಗಂಡ ಉತ್ಸಾಹದಿಂದ. "ನೀನು ತೊಳೀತಾ ಇರು, ನಾನು ನೋಡಿ ಖಾತ್ರಿ ಮಾಡ್ಕೊಳ್ತೀನಿ."

ಅವಳು ನಲ್ಲಿ ತಿರುಗಿಸಿದಳು. ಬೆನ್ನ ಹಿಂದೆ ಪೆನ್ನಿನ ಸದ್ದು ಕೇಳಿಸಿತು. ಗಂಡ ಒಂದಕ್ಷರವೂ ಬಿಡದೆ ಬರೆದುಕೊಳ್ಳುತ್ತಿದ್ದ.