ಶ್, ಮಗು ಮಲಗಿದೆ

ದಿಲ್ಲಿಯಿಂದ ಫೋನು ಮಾಡಿದವರು, ‘ನಾಳೆ ಬೆಳಿಗ್ಗೆ ನಮ್ಮವರೊಬ್ಬರು ಬಂದು ನೋಡಿಕೊಂಡು ಹೋಗುತ್ತಾರೆ’ ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಯಾರು ಬರುತ್ತಾರೆ, ಹೆಸರೇನು ಎಂದು ದೊಡ್ಡವರನ್ನು ಕೆದಕಿ ಕೇಳುವುದು ಮರ್ಯಾದೆಯಲ್ಲವೆಂದು ಪುಟ್ಟಮಾದಯ್ಯ ಕೇಳಲಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಪುಟ್ಟಮಾದಯ್ಯ ಬೋಗಾದಿಯ ಹೊಸ ಬಡಾವಣೆಯಲ್ಲಿದ್ದ ಕೂಸಿನ ಮನೆಯ ಮೇಲ್ವಿಚಾರಕ. ಸುತ್ತ ಎದ್ದೇಳುತ್ತಿದ್ದ ಕಟ್ಟಡಗಳಲ್ಲಿ ಗಾರೆ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಬೆಳಿಗ್ಗೆ ತಮ್ಮ ಮಕ್ಕಳನ್ನು ಅಲ್ಲಿ ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಿದ್ದರು. ಮನೆಯ ಬಾಡಿಗೆ, ಹಾಲು, ಮೊಟ್ಟೆ, ಆಯಾ ಬೋರಮ್ಮನ ಸಂಬಳ, ಪುಟ್ಟಮಾದಯ್ಯನ ಸಂಬಳ ಎಲ್ಲವೂ ನಾರ್ವೆ ದೇಶದ ಒಂದು ಸಂಸ್ಥೆಯಿಂದ, ಅವರ ದಿಲ್ಲಿ ಕಚೇರಿಯ ಮೂಲಕ ಬರುತ್ತಿತ್ತು. ಈ ಸಲ ಮಾತ್ರ, ಒಮ್ಮೆ ಕಣ್ಣಾರೆ ನೋಡಿ ಆಮೇಲೆ ಮುಂದುವರಿಸುವುದೋ ನಿಲ್ಲಿಸುವುದೋ ತೀರ್ಮಾನ ಮಾಡುತ್ತೇವೆ ಎಂದಿದ್ದರು.

ನಿಂತರೆ ಏನಾಗುತ್ತದೆಂದು ಪುಟ್ಟಮಾದಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಬಿಂದು ಎಂಬ ಪುಟ್ಟ ಹುಡುಗಿಯನ್ನು ಅವನು ಮೊದಲು ನೋಡಿದ್ದು ಒಂದು ಕಟ್ಟಡದ ಕೆಳಗೆ. ತಾಯಿ ಅವಳ ಸೊಂಟಕ್ಕೆ ಹಳೆ ಸೀರೆ ಸುತ್ತಿ, ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿ, ಬಾಂಡ್ಲಿ ಹೊತ್ತು ಮೂರನೇ ಮಹಡಿಗೆ ಹತ್ತುತ್ತಿದ್ದಳು. ಕರು ಕಟ್ಟಿದಂತೆ ಕಟ್ಟಿದ್ದ ಆ ಮಗುವನ್ನು ಬಿಡಿಸಿ ತಂದದ್ದೇನೋ ಆಯಿತು. ಆದರೆ ಬಂದ ದಿನದಿಂದ ಅದು ಹಗಲೆಲ್ಲ ಅಳುತ್ತಿತ್ತು, ಯಾರ ಮಡಿಲಲ್ಲೂ ಕಣ್ಣು ಮುಚ್ಚಿರಲಿಲ್ಲ.

ಅಷ್ಟೊಂದು ಮಕ್ಕಳಿಗೆ ಬೋರಮ್ಮ ಒಬ್ಬಳೇ. ಅದಕ್ಕೆ ಅವಳೇ ಒಂದು ಪದ್ಧತಿ ಮಾಡಿಕೊಂಡಿದ್ದಳು. ಆ ಗೇಟು ದಾಟಿ ಯಾರೇ ಒಳಗೆ ಬರಲಿ, ಅವರ ಮಡಿಲಿಗೆ ಒಂದು ಮಗು. ಗ್ಯಾಸ್ ಸಿಲಿಂಡರು ತಂದವನೂ ಅಷ್ಟೆ, ಮೀಟರು ನೋಡಲು ಬಂದವನೂ ಅಷ್ಟೆ, ಒಂದು ಮಗುವಿಗೆ ಗಂಜಿ ಕುಡಿಸದೆ ಆಚೆ ಹೋದದ್ದಿಲ್ಲ.

ಫೋನು ಬಂದ ಸಂಜೆ ಪುಟ್ಟಮಾದಯ್ಯ ವಿಷಯವನ್ನು ಪಕ್ಕದ ಮನೆಯ ಲಕ್ಷ್ಮೀನರಸಿಂಹಯ್ಯನವರಿಗೆ ಹೇಳಿದ. ಹೇಳಬಾರದಿತ್ತು. ಅವರ ತಾತ ಅರಮನೆಯಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಕೆಲಸದಲ್ಲಿದ್ದವರಂತೆ. ತಾವು ಕಾಲೇಜಿನ ಆಫೀಸಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದರೂ ಆ ವಿದ್ಯೆ ತೋರಿಸಲು ಅವರಿಗೆ ಅವಕಾಶವೇ ಸಿಕ್ಕಿರಲಿಲ್ಲ.

“ನೀವು ಸುಮ್ನಿರಿ ಮಾದಯ್ಯ, ಇದು ನನಗೆ ಬಿಡಿ,” ಎಂದರು. 

ಬೆಳಿಗ್ಗೆ ಇಲವಾಲದಿಂದ ಸ್ಕೂಟರಿನಲ್ಲಿ ಮೊಟ್ಟೆಯ ಟ್ರೇ ಇಟ್ಟುಕೊಂಡು ಬಂದ ಪುಟ್ಟಮಾದಯ್ಯನಿಗೆ ಕೂಸಿನ ಮನೆ ಗುರುತೇ ಸಿಗಲಿಲ್ಲ. ಬಾಗಿಲಿಗೆ ತೋರಣ. ನೆಲಕ್ಕೆ ಲಕ್ಷ್ಮೀನರಸಿಂಹಯ್ಯನವರ ಹೆಂಡತಿ ರಮಾಮಣಿಯವರು ದಸರಾ ಗೊಂಬೆ ಇಡುವಾಗ ಮಾತ್ರ ತೆಗೆಯುವ ರತ್ನಗಂಬಳಿ. ಮಕ್ಕಳೆಲ್ಲ ಹಬ್ಬದ ಬಟ್ಟೆ ಹಾಕಿಕೊಂಡು, ಮುಖಕ್ಕೆ ಪೌಡರು ಬಳಿಸಿಕೊಂಡು, ಹಿಟ್ಟಿನ ಗಿರಣಿಯಿಂದ ಈಗಷ್ಟೇ ಇಳಿದು ಬಂದವರ ಹಾಗೆ ಸಾಲಾಗಿ ಕೂತಿದ್ದವು. ಒಂದರ ಕತ್ತಿನಲ್ಲಿ ರಮಾಮಣಿಯವರ ಸರವೂ ಇತ್ತು.

“ಅಮ್ಮಾ, ಇದ್ದಂಗೇ ಇದ್ದಿದ್ರೆ ಚೆನ್ನಾಗಿತ್ತು,” ಎಂದು ಪುಟ್ಟಮಾದಯ್ಯ ಮೆಲ್ಲಗೆ ಹೇಳಿದ. “ಬಂದೋರಿಗೆ ಕಷ್ಟ ಕಾಣ್ಬೇಕಲ್ವಾ?”

“ಮನೆಗೆ ಬಂದವರ ಮುಂದೆ ಕಷ್ಟ ಹರಡ್ಕೊಂಡು ಕೂತ್ಕೋತಾರೇನ್ರೀ ಯಾರಾದ್ರೂ?” ಎಂದು ರಮಾಮಣಿಯವರು ಕೇಸರಿಬಾತಿನ ಪಾತ್ರೆ ಹೊತ್ತು ಒಳಗೆ ಹೋದರು.

ಪುಟ್ಟಮಾದಯ್ಯ ಒಂದೆರಡು ಮುಖಗಳ ಪೌಡರು ಒರೆಸಲು ನೋಡಿದ. ಕೆಲಸಕ್ಕೆ ಹೊರಟಿದ್ದ ಬಿಂದುವಿನ ತಾಯಿ ತಡೆದಳು. ನಾಕು ಜನ ನೋಡೋ ಹೊತ್ತಿನಲ್ಲಾದರೂ ನನ್ನ ಮಗು ಚೆಂದಾಗಿ ಕಾಣಲಿ ಕಣಣ್ಣ ಎಂದಳು. ಪುಟ್ಟಮಾದಯ್ಯ ಕೈಲಿದ್ದ ಒದ್ದೆ ಬಟ್ಟೆಯಲ್ಲಿ ತನ್ನ ಮುಖವನ್ನೇ ಒರೆಸಿಕೊಂಡ.

ಲಕ್ಷ್ಮೀನರಸಿಂಹಯ್ಯನವರು ಹಾರ, ಛತ್ರಿ ಹಿಡಿದು ಬಸ್‌ಸ್ಟಾಪಿಗೆ ಹೋದರು. ಪುಟ್ಟಮಾದಯ್ಯ ಹಿತ್ತಿಲಲ್ಲಿ ನಿಂತು ತನ್ನ ಇಂಗ್ಲಿಷ್ ಭಾಷಣವನ್ನು ಸ್ಕೂಟರಿನ ಕನ್ನಡಿಗೆ ಒಪ್ಪಿಸತೊಡಗಿದ. ಆ ಹೊತ್ತಿನಲ್ಲಿ ನೂಲಿನ ಸೀರೆಯ, ಧೂಳು ಹತ್ತಿದ ಚಪ್ಪಲಿಯ ಹೆಂಗಸೊಬ್ಬಳು ಗೇಟು ತೆಗೆದು ಒಳಗೆ ಬಂದಳು.

“ಅಮ್ಮಾ, ನಾನು...” ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಬೋರಮ್ಮ ಅಳುತ್ತಿದ್ದ ಬಿಂದುವನ್ನು ಅವಳ ಕೈಗೆ ಕೊಟ್ಟಾಗಿತ್ತು.

“ಕೂತ್ಕಳವ್ವ ಅತ್ಲಾಗಿ. ಆಮೇಲ್ ಮಾತಾಡೀವಂತೆ.”

ಹೆಂಗಸು ಮೂಲೆಯ ಚಾಪೆಯ ಮೇಲೆ ಕೂತಳು. ಬಿಂದು ಆ ಹೊಸ ಮುಖವನ್ನು ಸ್ವಲ್ಪ ಹೊತ್ತು ನೋಡಿತು, ಬಿಕ್ಕಿತು, ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆ ಹೋಗಿಬಿಟ್ಟಿತು.

ಒಳಗೆ ಬಂದ ಪುಟ್ಟಮಾದಯ್ಯ ಅದನ್ನು ನೋಡಿ ಬಾಗಿಲಲ್ಲೇ ನಿಂತ. ಬಿಂದುವಿನ ತಾಯಿಯ ಕಡೆಯ ನೆಂಟರು ಯಾರೋ ಇರಬೇಕು ಎಂದುಕೊಂಡ. ಅವಳು ಮತ್ತೆ ಏನೋ ಹೇಳಲು ಹೊರಟಾಗ ಅವನೇ ತುಟಿಯ ಮೇಲೆ ಬೆರಳಿಟ್ಟ.

“ಶ್... ಬಂದಾಗಿಂದ ಮಲಗ್ದೆ ಇರೋ ಮಗು ಕಣಮ್ಮ ಅದು. ಏನಿದ್ರೂ ಎದ್ದ ಮೇಲೆ ಹೇಳೀರಂತೆ.”

ಅವಳು ಮಡಿಲನ್ನೊಮ್ಮೆ ನೋಡಿಕೊಂಡು ಸುಮ್ಮನಾದಳು.

ಅಷ್ಟರಲ್ಲಿ ಆಟೋ ಬಂತು. ಲಕ್ಷ್ಮೀನರಸಿಂಹಯ್ಯನವರ ಹಿಂದೆ ಕೊರಳಲ್ಲಿ ಹಾರ, ಕಂಕುಳಲ್ಲಿ ಸುರುಳಿ ಸುತ್ತಿದ ಚಾಪೆ ಇದ್ದ ಎತ್ತರದ ಬಿಳಿ ಹೆಂಗಸೊಬ್ಬಳು ಇಳಿದಳು. ಆ ಸುರುಳಿ ನಾರ್ವೆಯವರು ಕಟ್ಟಿಸಿಕೊಡುವ ಸ್ವಂತ ಕಟ್ಟಡದ ನಕ್ಷೆಯೇ ಇರಬೇಕೆಂದು ಪುಟ್ಟಮಾದಯ್ಯ ಅದಕ್ಕೂ ಸೇರಿಸಿ ಕೈಮುಗಿದ.

“ಬಸ್‌ಸ್ಟಾಪಲ್ಲೇ ನಿಂತಿದ್ರು ಕಣ್ರೀ. ಏನೋ ಕೇಳಕ್ಕೆ ಬಂದ್ರು. ಅತಿಥಿಗಳನ್ನ ಬೀದೀಲಿ ನಿಲ್ಲಿಸಿ ಮಾತಾಡಿಸಬಾರದು ಅಂತ ನಾನೇ ಬೇಡ ಅಂದೆ,” ಎಂದರು ಲಕ್ಷ್ಮೀನರಸಿಂಹಯ್ಯ.

ಬಿಳಿ ಹೆಂಗಸನ್ನು ರತ್ನಗಂಬಳಿಯ ಮೇಲೆ ಕೂರಿಸಿದರು. ಬೋರಮ್ಮ ಅವಳ ಮಡಿಲಿಗೂ ಒಂದು ಮಗು ಹಾಕಿದಳು. ಎಲ್ಲರ ಕೈಗೂ ಕೇಸರಿಬಾತು ಬಂತು. ಪುಟ್ಟಮಾದಯ್ಯ ನಿಂತು, ಸ್ಕೂಟರಿನ ಕನ್ನಡಿಗೆ ಒಪ್ಪಿಸಿದ್ದನ್ನೆಲ್ಲ ಅವಳಿಗೆ ಒಪ್ಪಿಸಿದ. ಕಂಬಕ್ಕೆ ಕಟ್ಟಿದ್ದ ಸೀರೆಯ ಮಾತು ಬಂದಾಗ ಅವನ ಇಂಗ್ಲಿಷ್ ಎಡವಿತು, ಉಳಿದದ್ದನ್ನು ಕೈಯಲ್ಲೇ ಕಟ್ಟಿ ತೋರಿಸಿದ. ಬಿಳಿ ಹೆಂಗಸಿನ ಕಣ್ಣು ತುಂಬಿತು. ಇಷ್ಟು ಚೆನ್ನಾಗಿ ಇದನ್ನೆಲ್ಲ ನಡೆಸುತ್ತಿರುವುದು ಯಾರು ಎಂದು ಕೇಳಿದಳು.

ಬಾಡಿಗೆ ಮನೆ ಹುಡುಕಿದ್ದು, ಮೇಸ್ತ್ರಿಗಳ ಕೈಕಾಲು ಹಿಡಿದು ಮಕ್ಕಳನ್ನು ಬಿಡಿಸಿ ತಂದದ್ದು, ಜ್ವರ ಬಂದವರನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಆಸ್ಪತ್ರೆಗೆ ಓಡಿದ್ದು ಎಲ್ಲ ಅವನೇ. ಆದರೆ ತನ್ನ ಕೆಲಸವನ್ನು ತನ್ನ ಬಾಯಲ್ಲೇ ಹೇಳಿಕೊಳ್ಳುವುದು ಅವನ ಕಡೆಯ ಜನಕ್ಕೆ ಬಂದದ್ದಲ್ಲ. ಇಂಗ್ಲಿಷಿನಲ್ಲೊಮ್ಮೆ ಹೇಳಿ, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೂ ಹೇಳಿದ.

“ನಂದೇನೂ ಇಲ್ಲ. ನಾನಿದ್ರೂ ಅಷ್ಟೆ, ಇಲ್ದಿದ್ರೂ ಅಷ್ಟೆ. ಎಲ್ಲಾ ಬೋರಮ್ಮಂದು, ಈ ಅಕ್ಕಪಕ್ಕದೋರ್ದು.”

ಇಂಥ ಮಾತು ಹೇಳಿದ ಮೇಲೆ ಪಕ್ಕದಲ್ಲಿದ್ದವರು, ‘ಛೇ ಛೇ, ಇವರಿಲ್ಲದೆ ಎಲ್ಲಿ’ ಎನ್ನಬೇಕು. ಅದು ರೂಢಿ. ಪುಟ್ಟಮಾದಯ್ಯ ಲಕ್ಷ್ಮೀನರಸಿಂಹಯ್ಯನವರ ಕಡೆ ನೋಡಿದ. ಅವರೂ ಹೇಳಲೆಂದೇ ಮುಂದೆ ಬಾಗಿದರು. ಆದರೆ ಬಾಯಿ ತುಂಬ ಬಿಸಿ ಕೇಸರಿಬಾತಿತ್ತು. ಕೈ ಆಡಿಸಿದರು. ಅದು ಅಹುದಹುದು ಎಂದಂತೆಯೇ ಕಂಡಿತು.

ಬಿಳಿ ಹೆಂಗಸು ಕಣ್ಣೊರೆಸಿಕೊಂಡು, ಈ ಮನೆ ತನಗೆ ಬಹಳ ಹಿಡಿಸಿತು, ಯಾವಾಗ ಖಾಲಿ ಮಾಡುತ್ತೀರಿ, ಮಹಡಿಯ ಮೇಲೆ ಬೆಳಗಿನ ಯೋಗಕ್ಕೆ ಜಾಗ ಇದೆಯೇ ಎಂದು ವಿಚಾರಿಸಿದಳು.

ಗೋಕುಲಂ ಬಡಾವಣೆಯ ಯೋಗಶಾಲೆಗೆ ಬಂದು ಬಾಡಿಗೆ ಮನೆ ಹುಡುಕುತ್ತಿದ್ದವಳಂತೆ ಅವಳು. ಲಕ್ಷ್ಮೀನರಸಿಂಹಯ್ಯನವರು ಬಾಗಿಲ ತೋರಣದ ಎಲೆಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿದರು.

ಮೂಲೆಯಲ್ಲಿ ಬಿಂದು ಮಿಸುಕಿ ಕಣ್ಣು ಬಿಟ್ಟಿತು. ನೂಲಿನ ಸೀರೆಯ ಹೆಂಗಸು ಜೋಮು ಹಿಡಿದ ಕಾಲನ್ನು ನೀವಿಕೊಳ್ಳುತ್ತ ಎದ್ದು ನಿಂತಳು.

“ಈಗ ಮಾತಾಡಬಹುದಾ?” ಎಂದಳು. “ನಾನು ವಿಭಾ, ದಿಲ್ಲಿ ಆಫೀಸಿಂದ ಬಂದಿರೋದು. ನಮ್ಮೂರು ಹುಣಸೂರು.”

ಪುಟ್ಟಮಾದಯ್ಯನಿಗೆ ನಿಂತ ನೆಲ ಹೊಸದಾಗಿ ಉತ್ತ ಹೊಲದಂತೆ ಕುಸಿಯಿತು. ವಿಭಾ ನಗುತ್ತಿದ್ದರು. ಪೌಡರಿನ ಕೆಳಗೆ ಏನಿದೆ ಎಂದು ನನಗೆ ಗೊತ್ತು, ಬೋರಮ್ಮ ಒಬ್ಬಳೇ ಒದ್ದಾಡುವುದನ್ನೂ ಕೂತಲ್ಲಿಂದಲೇ ನೋಡಿದೆ ಎಂದರು. “ನಾರ್ವೆಯೋರ ಹತ್ರ ಈ ಮಕ್ಕಳ ಪರವಾಗಿ ನಾನೇ ಜಗಳ ಆಡ್ತೀನಿ. ಈ ಮನೆ ಮುಚ್ಚಲ್ಲ.”

ಬೋರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪುಟ್ಟಮಾದಯ್ಯನ ಕಣ್ಣೂ ಒದ್ದೆಯಾಯಿತು.

“ಇನ್ನೊಂದು ಮಾತು,” ಎಂದರು ವಿಭಾ. “ಇನ್ನೊಬ್ರು ಆಯಾ ಬೇಕು ಅಂತ ವರ್ಷವರ್ಷವೂ ಕೇಳ್ತಿದ್ರಿ. ಹೊಸದಾಗಿ ದುಡ್ಡು ಬರಲ್ಲ. ಮೇಲ್ವಿಚಾರಕರ ಸಂಬಳ ನಿಲ್ಲಿಸಿ ಅದನ್ನೇ ಆಯಾಗೆ ಕೊಟ್ರೆ ಆಗುತ್ತೆ. ಅದನ್ನ ನಿಮಗೆ ಹೆಂಗಪ್ಪಾ ಹೇಳೋದು ಅಂತ ದಾರಿಯುದ್ದಕ್ಕೂ ಸಂಕಟವಾಗಿತ್ತು. ನೀವೇ ದೊಡ್ಡ ಮನಸ್ಸು ಮಾಡಿ, ನಾನಿಲ್ದಿದ್ರೂ ನಡೆಯುತ್ತೆ ಅಂದ್ಬಿಟ್ರಿ. ಇಂಥೋರನ್ನ ನಾನು ನೋಡಿಲ್ಲ.”

ಪುಟ್ಟಮಾದಯ್ಯ ಬಾಯಿ ತೆರೆದ. ವಿಭಾ ಬಿಂದುವನ್ನು ಅವನ ಕೈಗೆ ಕೊಟ್ಟು ಕೈಚೀಲ ಎತ್ತಿಕೊಂಡರು. ಬಿಂದು ಅವನ ಮುಖವನ್ನು ನೋಡಿ ತುಟಿ ಸೊಟ್ಟ ಮಾಡಿತು. ಆಮೇಲೇನನ್ನಿಸಿತೋ, ಅಂಗಿಯ ಗುಂಡಿ ಹಿಡಿದುಕೊಂಡು, ಭುಜಕ್ಕೆ ಕೆನ್ನೆಯಿಟ್ಟು, ಮತ್ತೆ ಕಣ್ಣು ಮುಚ್ಚಿತು. ಅವನು ತೆರೆದ ಬಾಯಿ ಹಾಗೇ ಇತ್ತು.

ಲಕ್ಷ್ಮೀನರಸಿಂಹಯ್ಯನವರ ಬಾಯಲ್ಲಿದ್ದ ಕೇಸರಿಬಾತು ಅಷ್ಟು ಹೊತ್ತಿಗೆ ಇಳಿದಿತ್ತು. ತಪ್ಪೆಲ್ಲ ಒಂದೇ ಸಲಕ್ಕೆ ಸರಿಪಡಿಸುವವರಂತೆ ಗಂಟಲು ಸರಿಮಾಡಿಕೊಂಡು, ಗೇಟಿನತ್ತ ಹೊರಟ ವಿಭಾ ಅವರ ಹಿಂದೆ ಗಟ್ಟಿಯಾಗಿ ಶುರುಮಾಡಿದರು.

“ಛೇ ಛೇ, ಎಲ್ಲಾದ್ರೂ ಉಂಟೇ ಮೇಡಂ, ನಮ್ಮ ಮಾದಯ್ಯನವರು ಇಲ್ದೆ ಇಲ್ಲಿ...”

ಭುಜದ ಮೇಲಿನ ತಲೆ ಸ್ವಲ್ಪ ಅಲುಗಿತು. ಪುಟ್ಟಮಾದಯ್ಯನ ಬೆರಳು ತಾನಾಗಿ ತುಟಿಗೆ ಹೋಯಿತು.

“ಶ್,” ಎಂದ. “ಮಗು ಮಲಗಿದೆ.”