ರಾಷ್ಟ್ರದ ಗಿಡ, ಸೆನ್ಯೊನ ರಜೆ

ಆಡು ತಿಂದದ್ದು ಒಂದೇ ಒಂದು ಗಿಡ. ಆದರೆ ಅದು ರಾಷ್ಟ್ರದ ಗಿಡ.

ಜೂನ್ ಒಂದು ಎಂದರೆ ಟೋಗೊ ದೇಶಕ್ಕೆಲ್ಲ ಗಿಡ ನೆಡುವ ದಿನ. ಹೋದ ವರ್ಷ ಆ ದಿನ ಮಂತ್ರಿಗಳು ಈ ಗುಡ್ಡದೂರಿಗೆ ಬಂದು, ಪುರಭವನದ ಮುಂದೆ ತಮ್ಮ ಕೈಯಾರೆ ಒಂದು ಮಹಾಗನಿ ಸಸಿ ನೆಟ್ಟಿದ್ದರು. ಅದು ಎಷ್ಟು ಬೆಳೆದಿದೆ ನೋಡೋಣವೆಂದು ಇವತ್ತು ಹತ್ತು ಗಂಟೆಗೆ ಮತ್ತೆ ಬರುವವರಿದ್ದರು. ಬೆಳಿಗ್ಗೆ ಆರಕ್ಕೆ ನೀರಿನ ಡಬ್ಬ ಹಿಡಿದು ಬಂದ ಸೆನ್ಯೊನಿಗೆ ಕಂಡದ್ದು ಬೆರಳುದ್ದದ ಒಂದು ಮೋಟು, ಪಕ್ಕದಲ್ಲಿ ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದ ಆಡು.

ಸೆನ್ಯೊ ಪುರಸಭೆಯ ಜವಾನ. ದೇಶಕ್ಕೆ ಹಬ್ಬ ಬಂದಾಗಲೆಲ್ಲ ಅವನ ಸೊಂಟಕ್ಕೆ ನೋವು ಬರುತ್ತಿತ್ತು. ಜನವರಿಯಲ್ಲಿ ವಿಮೋಚನಾ ದಿನಕ್ಕೆ ಇನ್ನೂರು ಕುರ್ಚಿ ಹೊತ್ತ. ಮಾರ್ಚಿನ ಮಹಿಳಾ ದಿನಕ್ಕೆ ಅವೇ ಇನ್ನೂರು. ಏಪ್ರಿಲಿನಲ್ಲಿ ಎಲ್ಲರ ಪಾಲಿಗೆ ಸ್ವಾತಂತ್ರ್ಯ ಬಂತು, ಅವನ ಪಾಲಿಗೆ ಕುರ್ಚಿ ಬಂತು. ಮೇ ಒಂದರ ಕಾರ್ಮಿಕರ ದಿನ ಊರಿನಲ್ಲಿ ದುಡಿದ ಕಾರ್ಮಿಕ ಅವನೊಬ್ಬನೇ. ಕೊನೆಗೆ ಮೇಯರ್ ಸಾಹೇಬರ ಮನಸ್ಸು ಕರಗಿ, “ಮಂತ್ರಿಗಳಿಗೆ ಗಿಡ ತೋರ್ಸು, ನಾಳೆಯಿಂದ ಹದಿನೈದು ದಿನ ರಜೆ. ಗಿಡ ಇಲ್ಲಾಂದ್ರೆ ರಜೇನೂ ಇಲ್ಲ” ಎಂದಿದ್ದರು. ಅಂದಿನಿಂದ ಸೆನ್ಯೊ ಕಣ್ಣು ಮುಚ್ಚಿದರೆ ಸಾಕು, ಅನೆಹೊದಲ್ಲಿ ಅಕ್ಕನ ಮನೆಯ ಚಾಪೆ, ಅದರಾಚೆ ಕಡಲು, ಕಡಲ ತುಂಬ ನಿದ್ದೆ.

“ಅಜ್ಜೀ, ನಿಮ್ಮ ಆಡು ನನ್ನ ರಜೆ ತಿಂದ್‌ಬಿಡ್ತು!”

ಎದುರಿಗೆ ಗಂಜಿ ಮಾರುತ್ತಿದ್ದ ಅಕ್ಪೆನೆ ಅಜ್ಜಿ ಸೌಟು ಕೆಳಗಿಡಲಿಲ್ಲ. “ಏನ್ ಔಷಧಿ ಹಾಕಿದ್ಯೋ ಆ ಗಿಡಕ್ಕೆ? ಪಾಪ, ನಸುಕಿನಿಂದ ಅದರ ಹೊಟ್ಟೆ ಗುಡುಗುಡು ಅಂತಿದೆ.”

ಕ್ಷೌರಿಕ ದೊದ್ಜಿ ಗಿರಾಕಿಯ ಅರ್ಧ ತಲೆ ಬೋಳಿಸಿ, ಉಳಿದರ್ಧ ಬಿಟ್ಟು ಓಡಿ ಬಂದ. “ಅಳ್ಬೇಡ ಅಣ್ಣ. ಆಸ್ಪತ್ರೆ ಹಿಂದೆ ಮಹಾಗನಿ ಮರ ಇದೆ. ಒಂದು ಕೊಂಬೆ ಕಡಿದು ನೆಟ್ಟರಾಯ್ತು. ಮಂತ್ರಿಗಳು ಬೇರು ನೋಡ್ತಾರಾ?”

ಕೊಂಬೆ ಬಂತು, ನೆಟ್ಟದ್ದೂ ಆಯಿತು. ಎಂಟು ಗಂಟೆಯ ಬಿಸಿಲಿಗೆ ಅದು ಪರೀಕ್ಷೆಗೆ ಓದದ ಹುಡುಗನಂತೆ ತಲೆ ತಗ್ಗಿಸಿತು. ದಾರಿಹೋಕರೆಲ್ಲ ನಿಂತು ಎಲೆ ಮುಟ್ಟಿ ನೋಡಹತ್ತಿದರು. ಶಾಲೆಯ ಮೇಷ್ಟ್ರು ಕೊಂಬೆಯನ್ನು ಮೆಲ್ಲಗೆ ಅಲ್ಲಾಡಿಸಿದರು. ಅದು ಅವರ ಕೈಗೇ ಬಂತು.

“ಯಾರೂ ಹತ್ರ ಬರದ ಹಾಗೆ ಮಾಡ್ಬೇಕಪ್ಪ,” ಎಂದಳು ಅಜ್ಜಿ. “ಎಳೆ ತಾಳೆಗರಿ ಸೀಳಿ ಸುತ್ತ ಕಟ್ಟು. ದೇವರ ಜಾಗ ಅಂತ ಹತ್ತು ಮಾರು ದೂರ ನಿಲ್ತಾರೆ.”

ಸೆನ್ಯೊ ಕಡಲತೀರದವನು. ತಾಳೆಗರಿ ಕಟ್ಟಿದ ಕಡೆ ಕಾಲಿಡಬಾರದೆಂಬಷ್ಟು ಅವನಿಗೂ ಗೊತ್ತಿತ್ತು. ಕೊಂಬೆಯನ್ನು ಮತ್ತೆ ನೆಟ್ಟು, ಸುತ್ತ ನಾಲ್ಕು ಗೂಟ ಹುಗಿದು ಗರಿಯ ತೋರಣ ಕಟ್ಟಿದ. ಮೇಷ್ಟ್ರು ಕೂಡಲೇ ಟೋಪಿ ತೆಗೆದು ಹಿಂದಕ್ಕೆ ಸರಿದರು.

ಹತ್ತಕ್ಕೆ ಬರಬೇಕಿದ್ದ ಮಂತ್ರಿಗಳು ಒಂದು ಗಂಟೆಗೆ ಬಂದರು. ಅಷ್ಟರಲ್ಲಿ ಕೊಂಬೆ ಮಾತ್ರವಲ್ಲ, ಬ್ಯಾಂಡಿನವರೂ ಬಾಡಿದ್ದರು. ಮಂತ್ರಿಗಳು “ಎಲ್ಲಿ ನನ್ನ ಗಿಡ?” ಎಂದು ಎರಡು ಹೆಜ್ಜೆ ಮುಂದಿಟ್ಟು, ಗರಿ ಕಂಡದ್ದೇ ಗಕ್ಕನೆ ನಿಂತರು. ಅವರೂ ಈ ನೆಲದವರೇ. ಮೆಲ್ಲಗೆ ಚಪ್ಪಲಿ ಬಿಟ್ಟರು. ಊರಿನ ಮುದಿ ಮುಖ್ಯಸ್ಥ ಹೆಗಲ ಬಟ್ಟೆಯನ್ನು ಸೊಂಟಕ್ಕಿಳಿಸಿ ಕೈಮುಗಿದ. ಎಲೆ ಎಷ್ಟಿದೆ, ಬೇರು ಇದೆಯೋ ಇಲ್ಲವೋ, ಯಾರೂ ಕೇಳಲಿಲ್ಲ.

“ಇದನ್ನ ಕಟ್ಟಿದವರು ಯಾರು?” ಎಂದ ಮುಖ್ಯಸ್ಥ.

ಸೆನ್ಯೊ ಲೆಕ್ಕ ಹಾಕಿದ. ನಿಜ ಹೇಳಿದರೆ ಕೊಂಬೆಯ ಗುಟ್ಟು ರಟ್ಟಾಗುತ್ತದೆ, ಚಾಪೆ ಹೋಗುತ್ತದೆ, ಕಡಲು ಹೋಗುತ್ತದೆ. “ನಾನೇ ಅಜ್ಜ. ಕನಸಲ್ಲಿ… ಅಪ್ಪಣೆ ಆಯ್ತು.”

ಜನ ಹೋ ಎಂದರು. ಮಂತ್ರಿಗಳು ಸೊಡಾಬಿ ಎಂಬ ತಾಳೆ ಸಾರಾಯಿ ತರಿಸಿ, ದೇವರಿಗೆಂದು ನೆಲಕ್ಕೆ ಸುರಿದರು. ಆನಂದದಲ್ಲಿ, ಇನ್ನು ಮೇಲೆ ಈ ಊರಿನ ಪ್ರತಿ ರಾಷ್ಟ್ರೀಯ ಹಬ್ಬವೂ ಇಲ್ಲಿಂದಲೇ ಶುರುವಾಗಲಿ ಎಂದು ಘೋಷಿಸಿದರು. ಮೇಯರ್ ಸಾಹೇಬರು ಮುಗುಳ್ನಗುತ್ತ ಜೇಬಿನಿಂದ ರಜೆಯ ಚೀಟಿ ತೆಗೆದರು. ಸೆನ್ಯೊ ಕೈ ಚಾಚಿದ.

“ಚೀಟಿ ಎಂಥದು?” ಎಂದ ಮುಖ್ಯಸ್ಥ. “ಗರಿ ಕಟ್ಟಿದವನೇ ಅದರ ಕಾವಲಿನವನು. ಮೂರು ಮಳೆಗಾಲ ಕಳೆಯೋ ತನಕ ಅವನು ಊರಾಚೆ ಹಳ್ಳ ದಾಟೋ ಹಾಗಿಲ್ಲ.”

ಮೇಯರ್ ಚೀಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಸೇರಿಸಿದರು.

ಸಂಜೆ ಇನ್ನೂರು ಕುರ್ಚಿ ಒಳಗಿಟ್ಟು ಬಂದ ಸೆನ್ಯೊ, ಗರಿಯ ಪಕ್ಕ ಕುಸಿದು ಕೂತ. “ಅಜ್ಜೀ, ಈ ಮಾತು ಮೊದಲೇ ಹೇಳ್ಬಾರದಿತ್ತಾ?”

“ಗೊತ್ತಿರ್ಬೇಕು ಅಂದ್ಕೊಂಡೆ ಮಗಾ. ಗೊತ್ತಿಲ್ದೆ ಯಾರಾದ್ರೂ ಕಟ್ತಾರಾ?” ಅಜ್ಜಿ ಒಂದು ಬಟ್ಟಲು ಬಿಸಿ ಗಂಜಿ ಅವನ ಮುಂದಿಟ್ಟಳು. ಮತ್ತೊಂದು ಕೈಯಲ್ಲಿದ್ದ ಹಗ್ಗವನ್ನು ಗೂಟಕ್ಕೆ ಸುತ್ತಿದಳು. “ಹೇಗೂ ಮೂರು ವರ್ಷ ಇಲ್ಲೇ ಕೂತಿರ್ತೀಯಲ್ಲ, ಇದನ್ನೂ ಒಂಚೂರು ನೋಡ್ಕೋ.”

ಹಗ್ಗದ ತುದಿಯಲ್ಲಿದ್ದ ಆಡು ಸೆನ್ಯೊನನ್ನು ನೋಡಿತು, ತಾಳೆಗರಿಯನ್ನು ನೋಡಿತು. ಅದರ ಹೊಟ್ಟೆ ಸರಿಹೋಗಿತ್ತು.