ಸೆಂಟರ್ ಫಾರ್ವರ್ಡ್ ಮಾವ

ಬೇಲಿಯ ಹೊರಗೆ ನಿಂತವನಿಗೆ ಫುಟ್‌ಬಾಲಿನಷ್ಟು ಸುಲಭದ ಆಟ ಇನ್ನೊಂದಿಲ್ಲ. ಯಾರಿಗೆ ಪಾಸು ಕೊಡಬೇಕಿತ್ತು, ಯಾರನ್ನು ಮನೆಗೆ ಕಳಿಸಬೇಕಿತ್ತು ಎಂಬುದೆಲ್ಲ ನನಗೆ ಆಡುವವರಿಗಿಂತ ಮೊದಲೇ ಹೊಳೆಯುತ್ತದೆ. ಮೀನುಗಾರರ ಮನೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದೊಡನೆ ವಾಂತಿ ಮಾಡುವ ಪ್ರಾಣಿ ನಾನು. ಹಾಗಾಗಿ ಹಣಕೋಣದಲ್ಲಿ ಗುಮಾಸ್ತಿಕೆ ಮಾಡುತ್ತ, ಉಳಿದ ಹೊತ್ತು ದಡದಲ್ಲಿ ನಿಂತು ಸಲಹೆ ಕೊಡುವುದನ್ನೇ ರೂಢಿ ಮಾಡಿಕೊಂಡಿದ್ದೇನೆ.

ಕೋಡಿಬಾಗದ ನಮ್ಮ ಕ್ಲಬ್ಬಿಗೆ ನನ್ನ ಮಾವನೇ ಅಧ್ಯಕ್ಷರು. ಟೀಮು ಆರಿಸುವವರೂ ಅವರೇ, ಸೆಂಟರ್ ಫಾರ್ವರ್ಡೂ ಅವರೇ. ವಯಸ್ಸು ಕೇಳಬೇಡಿ, ಮೊಮ್ಮಗಳು ಹೈಸ್ಕೂಲಿಗೆ ಹೋಗುತ್ತಾಳೆ. ಸಮುದ್ರದಲ್ಲಿ ಅವರು ತಾಂಡೇಲರು, ಅಂದರೆ ದೋಣಿ ನಡೆಸುವ ಮುಖಂಡರು. ಆಟಗಾರರೆಲ್ಲ ಅದೇ ದೋಣಿಯಲ್ಲಿ ಬಲೆ ಎಳೆಯುವ ಹುಡುಗರು. ತಾಂಡೇಲರು ಹೂಂ ಅನ್ನದೆ ಬಲೆ ಬಿಡಬಾರದು ಎಂಬುದು ನೀರಿನ ಮೇಲಿನ ಕಟ್ಟಳೆ. ಹುಡುಗರು ಅದನ್ನು ಮೈದಾನಕ್ಕೂ ತಂದಿದ್ದಾರೆ. ಗೋಲಿನ ಎದುರೇ ಚೆಂಡು ಸಿಕ್ಕರೂ ಮೊದಲು ಮಾವನ ಮುಖ ನೋಡುತ್ತಾರೆ. ಮಾವ ಗಾಳಿ ನೋಡಿ, ಒಂದಿಷ್ಟು ಯೋಚಿಸಿ, ಹೂಂ ಅನ್ನುವಷ್ಟರಲ್ಲಿ ಎದುರಾಳಿಗಳು ಚೆಂಡು ಕಸಿದುಕೊಂಡು ನಮ್ಮ ಗೋಲಿನ ಹತ್ತಿರ ಹೋಗಿರುತ್ತಾರೆ. ಇದನ್ನು ನೋಡಿ ನೋಡಿ ನನ್ನ ರಕ್ತ ಕುದಿಯುತ್ತಿತ್ತು.

ಈ ವರ್ಷ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಬೇಲೆಕೇರಿಯವರೊಂದಿಗಿನ ಕೊನೆಯ ಪಂದ್ಯವನ್ನು ಸಮ ಮಾಡಿಕೊಂಡರೂ ಸಾಕಿತ್ತು, ಸೋತರೆ ಮಾತ್ರ ಎರಡನೇ ಡಿವಿಜನ್ನಿಗೆ ಇಳಿಯಬೇಕು. ಅಜ್ಜಂದಿರ ಕಾಲದಿಂದ ಒಮ್ಮೆಯೂ ಇಳಿಯದ ಕ್ಲಬ್ಬು ನಮ್ಮದು. ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಬೈದು ಬೈದು ಸಾಕಾಗಿ, ಕಡೆಗೆ ಕಾಳಿ ನದಿಯ ದಂಡೆಯಲ್ಲಿ ಸಭೆ ಸೇರಿದೆವು. ಮಾವ ಹೊರಗೆ ಕೂರಬೇಕು ಎಂದು ಒಮ್ಮತದಿಂದ ತೀರ್ಮಾನವಾಯಿತು. ಅದನ್ನು ಅವರಿಗೆ ಹೇಳುವವರು ಯಾರು ಎಂಬಲ್ಲಿಗೆ ಬಂದಾಗ ಎಲ್ಲರಿಗೂ ನದಿಯ ಚೆಲುವು ಕಾಣತೊಡಗಿತು.

"ನೀವೇ ಹೇಳಿ ಭಾವಾ, ಅಳಿಯನ ಮೇಲೆ ಅವರು ಸಿಟ್ಟು ಮಾಡೂದಿಲ್ಲ" ಎಂದ ರಿಕ್ಷಾ ಓಡಿಸುವ ಗಣಪತಿ. ಆ ಗುಂಪಿಗೆ ಅವನೇ ಹಿರಿಯ.

ಹೆಂಡತಿ ಶಾಂತಿಯನ್ನು ಕರೆದುಕೊಂಡು ಮಾವನ ಮನೆಗೆ ಹೋದೆ. ಅತ್ತೆ ಹುರಿದ ಬಂಗಡೆ ಬಡಿಸಿದರು. ಎದುರಿಗೆ ಕೂತ ಮಾವ, ಮುಳ್ಳು ನೋಡಿಕೊಂಡು ತಿನ್ನಿ ಎಂದು ಅಕ್ಕರೆಯಿಂದ ಹೇಳಿದರು. ಹೀಗೆ ಉಪಚರಿಸುವವರಿಗೆ ನೀವು ಆಟಕ್ಕೆ ನಾಲಾಯಕ್ಕು ಎಂದು ಹೇಗೆ ಹೇಳುವುದು? "ಬಂಗಡೆ ಚಲೋ ಉಂಟು ಮಾವಾ" ಎಂದೆ. ದಾರಿಯಲ್ಲಿ ಶಾಂತಿ, "ಹೇಳೂಕೆ ಹೋದದ್ದು ಇದನ್ನೇನು?" ಎಂದು ಕೇಳಿದಳು. ನಾನು ಗಂಟಲಲ್ಲಿ ಮುಳ್ಳು ಸಿಕ್ಕವನ ಹಾಗೆ ಕೆಮ್ಮಿದೆ.

ಪಂದ್ಯದ ದಿನ ಅರ್ಧ ಆಟ ಮುಗಿದಾಗ ನಾವು ಒಂದು ಗೋಲು ಹಿಂದೆ. ಇನ್ನು ತಡೆಯಲಾರದೆ ಮಾವನ ಪಕ್ಕ ಹೋಗಿ, ಕಣ್ಣು ಮುಚ್ಚಿಕೊಂಡು ಎಲ್ಲ ಹೇಳಿಬಿಟ್ಟೆ. ಅವರು ನೀರು ಕುಡಿದು ಬೂಟಿನ ಲೇಸು ಬಿಚ್ಚತೊಡಗಿದರು.

"ಮೊಣಕಾಲು ನೋಯ್ತದೆ ಅಳಿಯಂದಿರೇ. ಯಾರಾದ್ರೂ ಹೇಳ್ಲಿ ಅಂತ ಎರಡು ವರ್ಷದಿಂದ ಕಾಯ್ತಾ ಇದ್ದೆ. ಯಾರೂ ಹೇಳ್ಲೇ ಇಲ್ಲ. ಈಗ ನನ್ನ ಜಾಗಕ್ಕೆ ನೀವೇ ಇಳೀರಿ."

ದೋಣಿಯಲ್ಲಿರುವುದೇ ಹನ್ನೊಂದು ಜನ. ಬದಲಿ ಆಟಗಾರನೆಂದು ಪ್ರತಿ ವರ್ಷ ಅವರು ಕೊಡುತ್ತಿದ್ದದ್ದು ನನ್ನ ಹೆಸರನ್ನೇ ಎಂಬುದು ನನಗೆ ಆಗಲೇ ಗೊತ್ತಾದದ್ದು. ಅವರ ಬೂಟು ನನಗೆ ಒಂದು ಬೆರಳು ದೊಡ್ಡದು, ಅಂಗಿ ಹೊಟ್ಟೆಯ ಹತ್ತಿರ ನಾಲ್ಕು ಬೆರಳು ಚಿಕ್ಕದು. ಹೇಗೋ ಓಡಿದೆ. ಆಟ ಮುಗಿಯುತ್ತ ಬಂದಾಗ ಬೇಲೆಕೇರಿಯ ಗೋಲ್‌ಕೀಪರ್ ಜಾರಿ ಬಿದ್ದು, ಚೆಂಡು ತಾನಾಗಿ ನನ್ನ ಕಾಲ ಬಳಿ ಬಂದು ನಿಂತಿತು. ಎದುರಿಗೆ ಖಾಲಿ ಗೋಲು. ಒದ್ದರೆ ಸಮ, ಕ್ಲಬ್ಬು ಉಳಿಯುತ್ತದೆ. ಹೊಡಿ ಹೊಡಿ ಎಂದು ಇಡೀ ಕೋಡಿಬಾಗ ಕೂಗುತ್ತಿತ್ತು.

ನಾನು ತಿರುಗಿ ಮಾವನ ಮುಖ ನೋಡಿದೆ.

ಗೆರೆಯ ಆಚೆ ಕಾಲು ಚಾಚಿ ಕೂತಿದ್ದ ಅವರು, ಪಾಪ, ಈ ಸಲ ಗಾಳಿಗೀಳಿ ನೋಡದೆ ಕೂಡಲೇ ಹೂಂ ಎಂದು ತಲೆಯಾಡಿಸಿದರು. ನಾನು ಇತ್ತ ತಿರುಗಿದಾಗ ಕಾಲ ಬಳಿ ಚೆಂಡಿರಲಿಲ್ಲ.

ಮರುದಿನ ಸಂಜೆ ಅಭಿಮಾನಿಗಳು ಮತ್ತೆ ಸಭೆ ಸೇರಿದರು. ನನ್ನನ್ನು ಕರೆದಿರಲಿಲ್ಲ. ಅಧ್ಯಕ್ಷರ ಅಳಿಯ ಎಂಬ ಒಂದೇ ಕಾರಣಕ್ಕೆ ಟೀಮಿನಲ್ಲಿ ಜಾಗ ಸಿಗುವುದು ಅನ್ಯಾಯ, ಎರಡನೇ ಡಿವಿಜನ್ನಿನಲ್ಲಾದರೂ ಇವನನ್ನು ಇಳಿಸಬಾರದು ಎಂದು ಒಮ್ಮತದಿಂದ ತೀರ್ಮಾನವಾಯಿತಂತೆ. ನನಗೆ ಹೇಳುವವರು ಯಾರು ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಸಭೆಗೆ ಹೋಗಿದ್ದ ಶಾಂತಿ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ, ಯಾರ ಮುಖವನ್ನೂ ನೋಡದೆ ಹೇಳಿಬಿಟ್ಟಳು. ನಮ್ಮ ಕ್ಲಬ್ಬಿಗೆ ಬೇಕಾಗಿದ್ದ ಸೆಂಟರ್ ಫಾರ್ವರ್ಡು ಇಷ್ಟು ವರ್ಷ ನನ್ನ ಮನೆಯಲ್ಲೇ ಅನ್ನ ಬಸಿಯುತ್ತಿದ್ದಳು.